ಬಿಚ್ಚಲೆಂದೇ ಹಾಕುವ ಕುಣಿಕೆಗಳು: ಹೆಣಿಗೆಯ ತಾತ್ಕಾಲಿಕ ಕ್ಯಾಸ್ಟ್ ಆನ್ ಕಲಿಯುವ ಬಗೆ

ಅಕ್ಕಿ ಮೂಟೆಯ ಬಾಯಿಗೆ ಹಾಕಿರುವ ಹೊಲಿಗೆಯನ್ನು ಬಿಚ್ಚಿದವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಸರಿಯಾದ ತುದಿಯ ದಾರ ಕೈಗೆ ಸಿಕ್ಕಿದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಂಡು ಬರುತ್ತದೆ. ತಪ್ಪು ತುದಿಯನ್ನು ಹಿಡಿದರೆ ಎಳೆದಷ್ಟೂ ಬಿಗಿಯಾಗುತ್ತದೆ, ಕೊನೆಗೆ ಕತ್ತರಿಯೇ ಗತಿ. ಹೆಣಿಗೆಯಲ್ಲಿ ಪ್ರೊವಿಶನಲ್ ಕ್ಯಾಸ್ಟ್ ಆನ್ ಎಂದು ಕರೆಯುವ ತಾತ್ಕಾಲಿಕ ಆರಂಭದ ಸಾಲು ನಿಂತಿರುವುದು ಇದೇ ಸರಪಳಿ ಹೊಲಿಗೆಯ ಗುಣದ ಮೇಲೆ. ಆದ್ದರಿಂದ ಇದನ್ನು ಕಲಿಯುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮೊದಲ ಪ್ರಶ್ನೆ, ಇದನ್ನು ಹಾಕುವುದು ಹೇಗೆ ಎಂಬುದಲ್ಲ. ಇದು ಯಾವ ತುದಿಯಿಂದ ಬಿಚ್ಚುತ್ತದೆ ಎಂಬುದು.

ಸಾಮಾನ್ಯವಾಗಿ ನಾವು ಕಡ್ಡಿಯ ಮೇಲೆ ಕುಣಿಕೆಗಳನ್ನು ಹಾಕಿಕೊಂಡಾಗ ಆ ಅಂಚು ಅಲ್ಲಿಗೇ ಮುಗಿದುಹೋಗುತ್ತದೆ. ಮುಂದೆ ಅದನ್ನು ಉದ್ದ ಮಾಡಬೇಕೆಂದರೆ ಅಂಚಿನಿಂದ ಹೊಸ ಕುಣಿಕೆ ಎತ್ತಬೇಕಾಗುತ್ತದೆ, ಹಾಗೆ ಎತ್ತಿದ ಜಾಗದಲ್ಲಿ ಒಂದು ದಪ್ಪ ಏಣು ಉಳಿದೇ ಉಳಿಯುತ್ತದೆ. ತಾತ್ಕಾಲಿಕ ಕ್ಯಾಸ್ಟ್ ಆನ್‌ನಲ್ಲಿ ಆರಂಭದ ಕುಣಿಕೆಗಳನ್ನು ಬೇರೊಂದು ದಾರದಿಂದ ಹಾಕಿ, ಅದರ ಮೇಲೆ ನಮ್ಮ ಉಲ್ಲನ್‌ನಿಂದ ಹೆಣೆಯುತ್ತ ಹೋಗುತ್ತೇವೆ. ಬೇಕೆಂದಾಗ ಆ ದಾರವನ್ನು ಬಿಚ್ಚಿ ತೆಗೆದರೆ ನಮ್ಮ ಉಲ್ಲನ್‌ನ ಮೊದಲ ಸಾಲಿನ ಕುಣಿಕೆಗಳು ತೆರೆದುಕೊಂಡು ನಿಲ್ಲುತ್ತವೆ. ಅವನ್ನು ಕಡ್ಡಿಗೆ ಏರಿಸಿ ವಿರುದ್ಧ ದಿಕ್ಕಿನಲ್ಲಿ ಹೆಣೆಯಬಹುದು, ಇನ್ನೊಂದು ತುಂಡಿಗೆ ಜೋಡಿಸಬಹುದು ಅಥವಾ ಅಲ್ಲೇ ಮುಚ್ಚಬಹುದು. ಆ ಬೇರೆ ದಾರವನ್ನು ಈ ಬರಹದಲ್ಲಿ ಆಸರೆ ದಾರ ಎಂದು ಕರೆಯುತ್ತೇನೆ. ಮನೆಯ ತಾರಸಿಗೆ ಸೆಂಟ್ರಿಂಗ್ ಹೇಗೋ ಹೆಣಿಗೆಗೆ ಇದು ಹಾಗೆ.

ಇದು ಎಲ್ಲ ಕಡೆ ಬೇಕಾಗುವುದಿಲ್ಲ. ಮಗುವಿನ ಕುಲಾವಿಗೋ ಸಾದಾ ಚೌಕಕ್ಕೋ ಇದನ್ನು ಬಳಸುವುದು ವೃಥಾ ಶ್ರಮ. ಆದರೆ ಮಫ್ಲರಿನ ಎರಡೂ ತುದಿಗಳು ಒಂದೇ ರೀತಿ ಕಾಣಬೇಕೆಂದಾಗ, ಸ್ವೆಟರಿನ ಕೆಳ ಅಂಚನ್ನು ಒಳಕ್ಕೆ ಮಡಚಿ ಹೊಲಿಗೆಯಿಲ್ಲದೆ ಕೂಡಿಸಬೇಕೆಂದಾಗ, ಕುತ್ತಿಗೆಗೆ ಹಾಕುವ ಬಳೆಯಾಕಾರದ ಕೌಲ್‌ನ ಎರಡು ತುದಿಗಳನ್ನು ಸೇರಿದ ಗುರುತೇ ಕಾಣದಂತೆ ಸೇರಿಸಬೇಕೆಂದಾಗ ಇದಕ್ಕೆ ಸಾಟಿಯಾದ ಉಪಾಯ ಇನ್ನೊಂದಿಲ್ಲ. ನನ್ನ ಅನುಭವದಲ್ಲಿ ಇದು ಅತಿ ಹೆಚ್ಚು ನೆರವಾಗಿರುವುದು ಉಲ್ಲನ್ ಸಾಕಾಗುತ್ತದೋ ಇಲ್ಲವೋ ಎಂಬ ಅನುಮಾನ ಇರುವಾಗ. ಅಂಗಡಿಯಲ್ಲಿ ಅದೇ ಲಾಟ್‌ನ, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ಕಂತಿನ, ಉಲ್ಲನ್ ಮತ್ತೆ ಸಿಗುವ ಖಾತ್ರಿಯಿಲ್ಲದ ಕಾರಣ, ಸ್ವೆಟರಿನ ಮೈಯನ್ನು ತಾತ್ಕಾಲಿಕ ಸಾಲಿನಿಂದ ಆರಂಭಿಸಿ, ತೋಳು, ಕುತ್ತಿಗೆ ಎಲ್ಲ ಮುಗಿದ ಮೇಲೆ ಉಳಿದ ಉಲ್ಲನ್‌ನಲ್ಲಿ ಆಗುವಷ್ಟು ಅಗಲದ ಬಾರ್ಡರನ್ನು ಕೆಳಮುಖವಾಗಿ ಹೆಣೆದರೆ ಚಿಂತೆಯೇ ಇರುವುದಿಲ್ಲ.

ಬೇಕಾಗುವ ಸಾಮಾನು

ಆಸರೆ ದಾರಕ್ಕೆ ಮೂರು ಗುಣಗಳಿರಬೇಕು: ನುಣುಪಾಗಿರಬೇಕು, ಗಟ್ಟಿಯಾಗಿರಬೇಕು, ನಿಮ್ಮ ಉಲ್ಲನ್‌ಗಿಂತ ಸಂಪೂರ್ಣ ಬೇರೆ ಬಣ್ಣದ್ದಾಗಿರಬೇಕು. ದಪ್ಪದಲ್ಲಿ ಅದು ಉಲ್ಲನ್‌ನಷ್ಟೇ ಇರಲಿ ಅಥವಾ ಸ್ವಲ್ಪ ತೆಳುವಾಗಿರಲಿ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಅಕ್ರಿಲಿಕ್ ಉಲ್ಲನ್‌ಗೆ ರೋಮ ಏಳುವ ಸ್ವಭಾವವಿದೆ; ಅಂಥದ್ದನ್ನೇ ಆಸರೆಗೂ ಬಳಸಿದರೆ ಎರಡೂ ಒಂದಕ್ಕೊಂದು ಅಂಟಿಕೊಂಡು, ಬಿಚ್ಚಿದ ಮೇಲೂ ಬಣ್ಣದ ಎಳೆಗಳು ಅಲ್ಲಲ್ಲಿ ಉಳಿಯುತ್ತವೆ. ಮೇಜಿನ ಹೊದಿಕೆ, ಬಾಗಿಲ ತೋರಣಗಳಿಗೆ ಬಳಸುವ ಹೊಳಪಿನ ಹತ್ತಿಯ ಕ್ರೋಶಾ ದಾರ ಇದಕ್ಕೆ ಹೇಳಿ ಮಾಡಿಸಿದಂತಿದೆ. ತೀರಾ ತೆಳುವೆನಿಸಿದರೆ ಎರಡೆಳೆ ಸೇರಿಸಿಕೊಳ್ಳಬಹುದು.

ಒಮ್ಮೆ ಕಂದು ಬಣ್ಣದ ಶಾಲಿಗೆ ಕೈಗೆ ಸಿಕ್ಕಿದ ಮರೂನ್ ಉಲ್ಲನ್‌ನಿಂದಲೇ ಆಸರೆ ಸಾಲು ಹಾಕಿ, ರಾತ್ರಿ ದೀಪದ ಬೆಳಕಿನಲ್ಲಿ ಬಿಚ್ಚಲು ಕುಳಿತು, ಮರೂನ್ ಎಂದುಕೊಂಡು ಕಂದು ಎಳೆಯನ್ನೇ ಕತ್ತರಿಸಿದ್ದೆ. ಆ ಇಡೀ ಸಾಲನ್ನು ಒಂದೊಂದೇ ಕುಣಿಕೆಯಾಗಿ ಬಿಡಿಸಿ ತೆಗೆದು ಎರಡನೆಯ ಸಾಲಿನ ಕುಣಿಕೆಗಳನ್ನು ಹಿಡಿಯುವಷ್ಟರಲ್ಲಿ ಮಧ್ಯರಾತ್ರಿ ಕಳೆದಿತ್ತು. ಅಂದಿನಿಂದ ಕಪ್ಪಗಿನ ಉಲ್ಲನ್‌ಗೆ ಬಿಳಿ ದಾರ, ತಿಳಿ ಬಣ್ಣದ್ದಕ್ಕೆ ಕಡುನೀಲಿ ಎಂಬ ನಿಯಮವನ್ನು ತಪ್ಪಿಸಿಲ್ಲ. ತಿಳಿ ಉಲ್ಲನ್‌ಗೆ ಕೆಂಪನ್ನು ಮಾತ್ರ ನಾನು ಬಳಸುವುದಿಲ್ಲ, ಏಕೆಂದರೆ ಬಣ್ಣ ಬಿಡುವ ಅಪಾಯ ಅದರಲ್ಲಿ ಹೆಚ್ಚು.

ಇದರ ಜೊತೆಗೆ ಹೆಣಿಗೆ ಕಡ್ಡಿಗೆ ಸರಿಸಮ ದಪ್ಪದ ಒಂದು ಕ್ರೋಶಾ ಕಡ್ಡಿ, ಮೊಂಡು ತುದಿಯ ದಪ್ಪ ಸೂಜಿ ಹಾಗೂ ಕುಣಿಕೆಗಳನ್ನು ಮತ್ತೆ ಹಿಡಿಯಲು ಒಂದೆರಡು ನಂಬರ್ ತೆಳುವಾದ ಇನ್ನೊಂದು ಹೆಣಿಗೆ ಕಡ್ಡಿ ಬೇಕು. ಇಲ್ಲಿ ಕಡ್ಡಿಯ ನಂಬರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿರುವುದು ಹಳೆಯ ಬ್ರಿಟಿಷ್ ನಂಬರು. ಅದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳುವಾಗುತ್ತದೆ. ನಮ್ಮ 8ನೇ ನಂಬರ್ ಕಡ್ಡಿ 4 ಮಿ.ಮೀ., 10ನೇ ನಂಬರು 3.25 ಮಿ.ಮೀ. ಅಮೆರಿಕದ ಲೆಕ್ಕ ಇದಕ್ಕೆ ತದ್ವಿರುದ್ಧವಾಗಿದ್ದು, ಅಲ್ಲಿನ 8ನೇ ನಂಬರು 5 ಮಿ.ಮೀ. ಆಗುತ್ತದೆ. ಆದ್ದರಿಂದ ಹೊರಗಿನ ವಿನ್ಯಾಸಗಳನ್ನು ಅನುಸರಿಸುವವರು ನಂಬರನ್ನು ಬಿಟ್ಟು ಮಿಲಿಮೀಟರನ್ನೇ ನೋಡಬೇಕು.

ಕುಣಿಕೆ ಹಾಕುವುದು

ಈ ಕೆಲಸಕ್ಕೆ ಹಲವು ದಾರಿಗಳಿವೆ. ಬಹಳ ಕಡೆ ಮೊದಲು ಕಲಿಸುವುದು, ಕ್ರೋಶಾದಿಂದ ಉದ್ದನೆಯ ಸರಪಳಿ ಹಾಕಿ, ಅದರ ಬೆನ್ನಿನ ಮೇಲಿನ ಉಬ್ಬುಗಳಲ್ಲಿ ಕಡ್ಡಿ ತೂರಿಸಿ ಉಲ್ಲನ್ ಎತ್ತುವ ವಿಧಾನ. ಅದರಲ್ಲಿ ತಪ್ಪೇನಿಲ್ಲ, ಆದರೆ ಹೊಸಬರಿಗೆ ಅದನ್ನು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಸರಪಳಿಯ ಮುಂಭಾಗದಲ್ಲಿ ಜಡೆಯಂತೆ ಕಾಣುವ ಎರಡು ಕಾಲುಗಳಿದ್ದು, ಅವುಗಳ ಹಿಂದೆ ಒಂದೊಂದೇ ಸಣ್ಣ ಉಬ್ಬು ಇರುತ್ತದೆ. ಆ ಉಬ್ಬಿನ ಬದಲು ಕಾಲನ್ನು ಚುಚ್ಚಿ ಎತ್ತಿದ ಪ್ರತಿ ಜಾಗದಲ್ಲೂ ಮುಂದೆ ಸರಪಳಿ ಬಿಚ್ಚದೆ ಸಿಕ್ಕಿಹಾಕಿಕೊಳ್ಳುತ್ತದೆ. ಸರಪಳಿ ಸ್ವಲ್ಪ ಬಿಗಿಯಾದರೂ ಉಬ್ಬುಗಳನ್ನು ಹುಡುಕುವುದರಲ್ಲಿ ಕಣ್ಣು ಸೋಲುತ್ತದೆ. ಅದಕ್ಕಿಂತ ಸರಪಳಿಯನ್ನು ನೇರವಾಗಿ ಹೆಣಿಗೆ ಕಡ್ಡಿಯ ಮೇಲೆಯೇ ಹಾಕುವುದು ಉತ್ತಮ. ಹಾಗೆ ಮಾಡಿದಾಗ ತಪ್ಪು ಜಾಗಕ್ಕೆ ಚುಚ್ಚುವ ಪ್ರಸಂಗವೇ ಬರುವುದಿಲ್ಲ.

ಆಸರೆ ದಾರದ ತುದಿಯಲ್ಲಿ ಜಾರುಗಂಟು ಹಾಕಿ, ಅದನ್ನು ಕ್ರೋಶಾ ಕಡ್ಡಿಗೆ ಏರಿಸಿಕೊಳ್ಳಿ. ಎರಡು ಮೂರು ಸರಪಳಿಗಳನ್ನು ಸುಮ್ಮನೆ ಹಾಕಿ; ಇವು ಹಿಡಿಕೆಯಿದ್ದಂತೆ, ಲೆಕ್ಕಕ್ಕೆ ಸೇರುವುದಿಲ್ಲ. ಈಗ ಹೆಣಿಗೆ ಕಡ್ಡಿಯನ್ನು ಎಡಗೈಯಲ್ಲಿ, ಕ್ರೋಶಾ ಕಡ್ಡಿಯನ್ನು ಬಲಗೈಯಲ್ಲಿ ಹಿಡಿಯಿರಿ. ಉಂಡೆಯಿಂದ ಬರುವ ದಾರ ಹೆಣಿಗೆ ಕಡ್ಡಿಯ ಹಿಂದೆ ಇರಬೇಕು, ಕ್ರೋಶಾ ಕಡ್ಡಿ ಅದರ ಮುಂದೆ ಇರಬೇಕು. ಕ್ರೋಶಾ ಕಡ್ಡಿಯ ಮೂತಿಯನ್ನು ಹೆಣಿಗೆ ಕಡ್ಡಿಯ ಮೇಲಿನಿಂದ ಚಾಚಿ, ಹಿಂದಿರುವ ದಾರವನ್ನು ಕೊಕ್ಕೆಯಲ್ಲಿ ಹಿಡಿದು, ಕ್ರೋಶಾ ಕಡ್ಡಿಯ ಮೇಲಿರುವ ಕುಣಿಕೆಯೊಳಗಿಂದ ಮುಂದಕ್ಕೆ ಎಳೆಯಿರಿ. ದಾರ ಹೆಣಿಗೆ ಕಡ್ಡಿಯನ್ನು ಒಂದು ಸುತ್ತು ಬಳಸಿ ಕುಳಿತಿರುತ್ತದೆ. ಅದೇ ನಿಮ್ಮ ಮೊದಲ ಕುಣಿಕೆ. ಈಗ ದಾರ ಮುಂಭಾಗಕ್ಕೆ ಬಂದಿರುವುದರಿಂದ, ಅದನ್ನು ಎರಡು ಕಡ್ಡಿಗಳ ನಡುವಿನಿಂದ ಮತ್ತೆ ಹಿಂದಕ್ಕೆ ತಳ್ಳಿ, ಅದೇ ಕ್ರಿಯೆಯನ್ನು ಮುಂದುವರಿಸಿ. ಹೊಸಬರು ಸಾಮಾನ್ಯವಾಗಿ ಮರೆಯುವುದು ಈ ಹಿಂದಕ್ಕೆ ತಳ್ಳುವ ಹೆಜ್ಜೆಯನ್ನೇ. ಮರೆತರೆ ಸರಪಳಿ ಬೆಳೆಯುತ್ತದೆ, ಆದರೆ ಕಡ್ಡಿಯ ಮೇಲೆ ಕುಣಿಕೆ ಬಂದಿರುವುದಿಲ್ಲ.

ಐದಾರು ಕುಣಿಕೆಗಳಾದ ಮೇಲೆ ನಿಲ್ಲಿಸಿ ನೋಡಿ. ಕಡ್ಡಿಯ ಒಂದು ಬದಿಗೆ ಒರಗಿಕೊಂಡು ಸರಪಳಿ ಜಡೆಯಂತೆ ನೀಟಾಗಿ ಸಾಗಿರಬೇಕು. ಕುಣಿಕೆಗಳು ಕಡ್ಡಿಯ ಮೇಲೆ ಅಲುಗಾಡದಷ್ಟು ಬಿಗಿಯಾಗಿದ್ದರೆ ಕ್ರೋಶಾ ಕಡ್ಡಿಯನ್ನು ಒಂದು ಅಳತೆ ದಪ್ಪದ್ದಕ್ಕೆ ಬದಲಿಸಿ. ಬೇಕಾದಷ್ಟು ಕುಣಿಕೆಗಳಾದ ಮೇಲೆ, ಹೆಣಿಗೆ ಕಡ್ಡಿಯನ್ನು ಬಿಟ್ಟು ಇನ್ನೂ ಐದಾರು ಸರಪಳಿಗಳನ್ನು ಸುಮ್ಮನೆ ಹಾಕಿ, ಒಂದು ಗೇಣು ಬಿಟ್ಟು ದಾರವನ್ನು ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ತುದಿಯನ್ನು ಹೊರಗೆಳೆದು ಸಡಿಲವಾಗಿ ಬಿಡಿ. ಈ ತುದಿಯ ಕೊನೆಯಲ್ಲಿ ಒಂದು ಗಂಟು ಹಾಕಿಡಿ. ಮುಂದೆ ಮೂಟೆಯನ್ನು ಬಿಚ್ಚಬೇಕಾದ ತುದಿ ಇದೇ. ಇವತ್ತು ಹಾಕಿದ ಸಾಲನ್ನು ಬಿಚ್ಚುವುದು ಮೂರು ವಾರದ ನಂತರವೋ ಮೂರು ತಿಂಗಳ ನಂತರವೋ ಆಗಬಹುದು, ಆಗ ಎರಡು ತುದಿಗಳಲ್ಲಿ ಯಾವುದು ಯಾವುದೆಂದು ನೆನಪಿರುವುದಿಲ್ಲ.

ಇನ್ನು ನಿಮ್ಮ ಉಲ್ಲನ್ ತೆಗೆದುಕೊಂಡು, ಒಂದು ಗೇಣು ಬಾಲ ಬಿಟ್ಟು, ಮೊದಲ ಸಾಲನ್ನು ಪೂರ್ತಿಯಾಗಿ ನಿಟ್ (ಸೀದಾ ಕುಣಿಕೆ) ಹೆಣೆಯಿರಿ. ಉಲ್ಲನ್ ಬಾಲವನ್ನು ಆಸರೆ ದಾರಕ್ಕೆ ಗಂಟು ಹಾಕಬೇಡಿ. ಮೊದಲ ಕುಣಿಕೆ ಸಡಿಲವಾಗಿ ಅಸಹ್ಯವಾಗಿ ಕಂಡರೂ ಬೆರಳಿನಿಂದ ಒತ್ತಿಹಿಡಿದು ಮುಂದುವರಿಯಿರಿ. ಲೆಕ್ಕಕ್ಕೆ ಒಂದನೆಯ ಸಾಲು ಎಂದರೆ ಉಲ್ಲನ್‌ನ ಈ ಸಾಲು, ಆಸರೆ ದಾರದ್ದಲ್ಲ. ಸಾಲು ಮುಗಿದ ತಕ್ಷಣ ಎಣಿಸಿ ಬರೆದಿಡಿ. ಸಾಮಾನ್ಯ ಹೆಣಿಗೆಯಲ್ಲಿ ಒಂದು ಕುಣಿಕೆ ಹೆಚ್ಚುಕಡಿಮೆಯಾದರೆ ಮುಂದೆ ಸರಿದೂಗಿಸಬಹುದು, ಇಲ್ಲಿ ಆ ತಪ್ಪು ಎರಡೂ ದಿಕ್ಕಿಗೆ ಬೆಳೆಯುತ್ತದೆ.

ಬಿಚ್ಚುವುದು ಮತ್ತು ಹಿಡಿಯುವುದು

ಬಿಚ್ಚುವ ಕೆಲಸವನ್ನು ಹಗಲು ಬೆಳಕಿನಲ್ಲಿ, ಯಾರೂ ಕರೆಯದ ಹೊತ್ತಿನಲ್ಲಿ ಇಟ್ಟುಕೊಳ್ಳಿ. ಹೆಣಿಗೆಯ ಹಿಂಬದಿ ನಿಮ್ಮ ಕಡೆಗೆ ಇರಲಿ, ಆಸರೆ ಸಾಲು ಮೇಲ್ಗಡೆ ಬರಲಿ. ಹೀಗೆ ಹಿಡಿದಾಗ ಗಂಟು ಹಾಕಿದ ತುದಿ ಹಾಗೂ ಉಲ್ಲನ್‌ನ ಬಾಲ ಎರಡೂ ಬಲಗಡೆ ಇರುತ್ತವೆ, ಏಕೆಂದರೆ ಕೊನೆಗೆ ಹಾಕಿದ ಆಸರೆ ಕುಣಿಕೆಯಿಂದಲೇ ನೀವು ಉಲ್ಲನ್ ಹೆಣಿಗೆ ಆರಂಭಿಸಿದ್ದಿರಿ. ಗಂಟಿನ ತುದಿಯನ್ನು ಕೊನೆಯ ಸರಪಳಿಯೊಳಗಿಂದ ಹಿಂದಕ್ಕೆ ಬಿಡಿಸಿ, ಮೆಲ್ಲನೆ ಎಳೆಯಿರಿ. ಹೆಚ್ಚಿನದಾಗಿ ಹಾಕಿದ ಐದಾರು ಸರಪಳಿಗಳು ಪಟಪಟನೆ ಬಿಚ್ಚಿಕೊಂಡು ಅಂಚಿಗೆ ಬಂದು ನಿಲ್ಲುತ್ತವೆ. ಇಲ್ಲಿಂದ ಮುಂದೆ ಎಳೆತ ಒಂದು, ಕುಣಿಕೆ ಒಂದು. ಒಂದು ಸರಪಳಿ ಬಿಚ್ಚಿದಾಗ ಉಲ್ಲನ್‌ನ ಒಂದು ಕಮಾನು ಬಿಡುಗಡೆಯಾಗಿ ಮೇಲಕ್ಕೆ ಇಣುಕುತ್ತದೆ. ಅದನ್ನು ತೆಳುವಾದ ಕಡ್ಡಿಯ ಮೇಲೆ ಏರಿಸಿಕೊಂಡು, ಆಮೇಲೆಯೇ ಮುಂದಿನದನ್ನು ಎಳೆಯಿರಿ. ಬಲದಿಂದ ಎಡಕ್ಕೆ ಹೀಗೆ ಸಾಗಿದರೆ, ಮುಗಿಯುವ ಹೊತ್ತಿಗೆ ಕಡ್ಡಿಯ ಮೊನೆ ಎಡಗಡೆ ಇರುತ್ತದೆ. ಹೆಣಿಗೆಯನ್ನು ತಿರುಗಿಸಿದರೆ ಮುಂಬದಿ ಎದುರಾಗಿ, ಹೊಸ ಉಲ್ಲನ್ ಸೇರಿಸಿ ನಿಟ್ ಸಾಲಿನಿಂದ ಆರಂಭಿಸಲು ಎಲ್ಲವೂ ಸಿದ್ಧವಾಗಿರುತ್ತದೆ.

ಒಂದೆರಡು ಕುಣಿಕೆ ಕಡ್ಡಿಗೆ ಸಿಗದೆ ಜಾರಿದರೆ ಗಾಬರಿಯಾಗಬೇಕಿಲ್ಲ. ಹೆಣಿಗೆ ಸುಲಭವಾಗಿ ಬಿಚ್ಚುವುದು ಮುಗಿಸಿದ ಕಡೆಯಿಂದ ಆರಂಭದ ಕಡೆಗೆ. ಆರಂಭದ ಅಂಚಿನಿಂದ ಮೇಲಕ್ಕೆ ಅದು ಏಣಿಯಂತೆ ಓಡುವುದಿಲ್ಲ. ಸಾದಾ ಹೆಣಿಗೆಯಲ್ಲಿ ಜಾರಿದ ಕುಣಿಕೆ ಅಲ್ಲೇ ಬಾಯಿ ತೆರೆದುಕೊಂಡು ಕಾಯುತ್ತಿರುತ್ತದೆ. ಇಷ್ಟು ಗೊತ್ತಿದ್ದರೆ ಬಿಚ್ಚುವಾಗಿನ ಅರ್ಧ ಭಯ ಹೋಗುತ್ತದೆ. ತೀರಾ ಧೈರ್ಯವಿಲ್ಲದವರು, ಸರಪಳಿಯನ್ನು ಎಳೆಯುವ ಮೊದಲೇ ಉಲ್ಲನ್‌ನ ಮೊದಲ ಸಾಲಿನ ಕಮಾನುಗಳಲ್ಲಿ ತೆಳು ಕಡ್ಡಿಯನ್ನು ಪೋಣಿಸಿಟ್ಟುಕೊಂಡು ಆಮೇಲೆ ಬಿಚ್ಚಬಹುದು.

ಎಲ್ಲ ಸರಿಯಾಗಿ ಮಾಡಿದರೂ ಎಣಿಸಿದಾಗ ಒಂದು ಕುಣಿಕೆ ಕಡಿಮೆ ಬರುತ್ತದೆ. 20 ಹಾಕಿದ್ದವರಿಗೆ 19 ಸಿಗುತ್ತವೆ. ಇದು ನಿಮ್ಮ ತಪ್ಪಲ್ಲ. ಕೆಳಗಿನಿಂದ ಹಿಡಿಯುವಾಗ ನಮಗೆ ಸಿಗುವುದು ಕುಣಿಕೆಗಳಲ್ಲ, ಒಂದು ಕುಣಿಕೆಗೂ ಪಕ್ಕದ ಕುಣಿಕೆಗೂ ನಡುವೆ ಇರುವ ಕಮಾನುಗಳು. ಕೈಯ ಐದು ಬೆರಳುಗಳ ನಡುವೆ ಸಂದುಗಳು ನಾಲ್ಕೇ ಇರುವ ಹಾಗೆ, 20 ಕುಣಿಕೆಗಳ ನಡುವೆ ಕಮಾನುಗಳು 19. ಇಪ್ಪತ್ತನೆಯದು ಬಾಲ ಇರುವ ಅಂಚಿನಲ್ಲಿ ಅರ್ಧವಾಗಿ ನಿಂತಿರುತ್ತದೆ. ಬಿಚ್ಚಲು ಆರಂಭಿಸಿದಾಗಲೇ ಆ ಬಾಲವನ್ನು ಕಡ್ಡಿಯ ಮೇಲೆ ಒಂದು ಸುತ್ತು ಹಾಯಿಸಿ ಕುಣಿಕೆಯಾಗಿ ಪರಿಗಣಿಸಿದರೆ ಲೆಕ್ಕ ಸರಿಹೋಗುತ್ತದೆ. ಮೊದಲ ಸಾಲಿನಲ್ಲಿ ಅದನ್ನು ಹೆಣೆದು ದಾಟುವವರೆಗೆ ಮಾತ್ರ ಬೆರಳಿನಿಂದ ಒತ್ತಿಹಿಡಿದಿರಬೇಕು.

ಇದೇ ಕಾರಣದಿಂದ ಎರಡನೆಯ ದಿಕ್ಕಿನ ಹೆಣಿಗೆ ಮೊದಲನೆಯದಕ್ಕಿಂತ ಅರ್ಧ ಕುಣಿಕೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ. ಸಾದಾ ಹೆಣಿಗೆಯಲ್ಲಿ, ಅಂದರೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್ (ಉಲ್ಟಾ ಕುಣಿಕೆ) ಬರುವ ಸ್ಟಾಕಿನೆಟ್‌ನಲ್ಲಿ, ಇದನ್ನು ದುರ್ಬೀನು ಹಾಕಿ ಹುಡುಕಿದರೂ ಕಾಣುವುದಿಲ್ಲ. ಆದರೆ ಎರಡು ನಿಟ್, ಎರಡು ಪರ್ಲ್ ಬರುವ ರಿಬ್‌ನಲ್ಲಿ ಗೆರೆಗಳು ಮುರಿದು ಪಕ್ಕಕ್ಕೆ ಹೋದದ್ದು ಎದ್ದು ಕಾಣುತ್ತದೆ. ರಿಬ್ ಮಫ್ಲರನ್ನು ನಡುವಿನಿಂದ ಆರಂಭಿಸಲು ಹೇಳುವ ಸಲಹೆಗಳನ್ನು ನಾನು ಒಪ್ಪುವುದಿಲ್ಲ; ಆ ಮುರಿತವನ್ನು ಯಾವ ಒಗೆತ, ಯಾವ ಇಸ್ತ್ರಿಯೂ ಸರಿಮಾಡಲಾರದು.

ಅಭ್ಯಾಸಕ್ಕೆ ಒಂದು ಮಫ್ಲರು

ಮೊದಲು 20 ಕುಣಿಕೆಗಳ ಒಂದು ತುಂಡಿನಲ್ಲಿ ಹತ್ತು ಸಾಲು ಹೆಣೆದು, ಆಸರೆ ಬಿಚ್ಚಿ, ಇನ್ನೊಂದು ದಿಕ್ಕಿಗೆ ಹತ್ತು ಸಾಲು ಹೆಣೆಯಿರಿ. ಅದು ಕೈಗೆ ಹತ್ತಿದ ಮೇಲೆ ಅಲೆಅಲೆಯಾದ ಅಂಚಿನ ಮಫ್ಲರನ್ನು ಹಿಡಿಯಬಹುದು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಹೆಣಿಗೆಯಲ್ಲಿ ಓಲ್ಡ್ ಶೇಲ್ ಎಂದು ಹೆಸರಾದ, ಹಲವರು ಫೆದರ್ ಆಂಡ್ ಫ್ಯಾನ್ ಎಂದು ಕರೆಯುವ ಈ ವಿನ್ಯಾಸದಲ್ಲಿ ಅಂಚು ತಾನಾಗಿಯೇ ಅಲೆಯಂತೆ ಬಾಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಣೆದರೆ ಆರಂಭದ ಅಲೆಗೂ ಕೊನೆಯ ಅಲೆಗೂ ಹೋಲಿಕೆಯಿರುವುದಿಲ್ಲ. ನಡುವಿನಿಂದ ಹೊರಟರೆ ಎರಡೂ ಒಂದೇ ಆಗುತ್ತವೆ.

ಡಬಲ್ ನಿಟ್ ಎಂದು ಕರೆಯುವ ಮಧ್ಯಮ ದಪ್ಪದ ಉಲ್ಲನ್, 8ನೇ ನಂಬರ್ ಕಡ್ಡಿ ತೆಗೆದುಕೊಂಡು 42 ಆಸರೆ ಕುಣಿಕೆಗಳನ್ನು ಹಾಕಿ. ಅಗಲ ಸುಮಾರು 19 ಸೆಂ.ಮೀ. ಬರುತ್ತದೆ. ಎರಡೂ ಬದಿಯ ಮೂರು ಮೂರು ಕುಣಿಕೆಗಳನ್ನು ಎಲ್ಲ ಸಾಲುಗಳಲ್ಲೂ ನಿಟ್ ಹೆಣೆಯುತ್ತ ಹೋಗಬೇಕು. ಮೊದಲ ನಾಲ್ಕು ಸಾಲು ಸ್ಟಾಕಿನೆಟ್ ಇರಲಿ, ಅರ್ಧ ಕುಣಿಕೆಯ ಜರುಗಾಟ ಅದರಲ್ಲಿ ಅಡಗಿಹೋಗುತ್ತದೆ. ಬಳಿಕ ನಾಲ್ಕು ಸಾಲಿನ ವಿನ್ಯಾಸ ಆರಂಭವಾಗುತ್ತದೆ. ಒಂದನೆಯ ಸಾಲು ಪೂರ್ತಿ ನಿಟ್; ಎರಡನೆಯದರಲ್ಲಿ ಅಂಚಿನ ಮೂರು ಮೂರು ಬಿಟ್ಟು ಉಳಿದದ್ದು ಪರ್ಲ್. ಮೂರನೆಯ ಸಾಲಿನಲ್ಲಿ ಅಂಚಿನ ಮೂರು ನಿಟ್ ಆದ ಮೇಲೆ, ಎರಡೆರಡು ಕುಣಿಕೆಗಳನ್ನು ಕೂಡಿಸಿ ಮೂರು ಬಾರಿ ನಿಟ್, ನಂತರ ಕಡ್ಡಿಗೆ ಉಲ್ಲನ್ ಸುತ್ತಿ ಒಂದು ನಿಟ್ ಎಂಬುದನ್ನು ಆರು ಬಾರಿ, ಮತ್ತೆ ಎರಡೆರಡು ಕೂಡಿಸಿ ಮೂರು ಬಾರಿ ನಿಟ್. 18 ಕುಣಿಕೆಗಳ ಈ ವರಸೆಯನ್ನು ಎರಡು ಸಲ ಮಾಡಿ ಅಂಚಿನ ಮೂರು ನಿಟ್‌ನಿಂದ ಮುಗಿಸಿ. ನಾಲ್ಕನೆಯ ಸಾಲು ಪೂರ್ತಿ ನಿಟ್. ಪ್ರತಿ ವರಸೆಯಲ್ಲೂ ಆರು ಕುಣಿಕೆ ಕಳೆದು ಆರು ಕೂಡುವುದರಿಂದ ಒಟ್ಟು ಸಂಖ್ಯೆ 42ರಲ್ಲೇ ನಿಲ್ಲುತ್ತದೆ. ಬೇಕಾದ ಅರ್ಧ ಉದ್ದ ಬಂದಾಗ ಸಡಿಲವಾಗಿ ಮುಚ್ಚಿ. ಆಮೇಲೆ ಆಸರೆ ಬಿಚ್ಚಿ, 42 ಕುಣಿಕೆಗಳನ್ನು ಹಿಡಿದು, ಈ ಕಡೆಗೂ ಅದನ್ನೇ ಹೆಣೆಯಿರಿ. ವಿನ್ಯಾಸ ಎಷ್ಟು ಬಾರಿ ಬಂತೆಂದು ಮೊದಲ ಅರ್ಧದಲ್ಲಿ ಬರೆದಿಟ್ಟುಕೊಂಡಿರಲೇಬೇಕು, ಅಳತೆಪಟ್ಟಿಯನ್ನು ನಂಬಿದರೆ ಒಂದು ಕಡೆ ಒಂದು ಅಲೆ ಹೆಚ್ಚಾಗುತ್ತದೆ.

ಕ್ರೋಶಾ ಬಾರದವರಿಗೆ

ಕ್ರೋಶಾ ಕಡ್ಡಿಯನ್ನು ಮುಟ್ಟದೆಯೂ ಕೆಲಸ ಸಾಗುತ್ತದೆ. ಆಸರೆ ದಾರದಿಂದ ನಿಮಗೆ ರೂಢಿಯಿರುವ ರೀತಿಯಲ್ಲೇ ಕುಣಿಕೆ ಹಾಕಿ, ಅದರಲ್ಲೇ ನಾಲ್ಕು ಸಾಲು ಹೆಣೆದು, ಐದನೆಯ ಸಾಲಿನಿಂದ ಉಲ್ಲನ್‌ಗೆ ಬದಲಾಯಿಸಿಕೊಳ್ಳಿ. ಮುಂದೆ ಉಲ್ಲನ್‌ನ ಮೊದಲ ಸಾಲಿನ ಕಮಾನುಗಳಲ್ಲಿ ತೆಳು ಕಡ್ಡಿ ಪೋಣಿಸಿ, ಆಸರೆ ದಾರವನ್ನು ಕತ್ತರಿಸಿ ಎಳೆಎಳೆಯಾಗಿ ಬಿಡಿಸಿದರಾಯಿತು. ನಿಧಾನ ಹೌದು, ಆದರೆ ಎಡವುವ ಜಾಗಗಳಿಲ್ಲ. 2006ರಲ್ಲಿ ಜೂಡಿ ಬೆಕರ್ ಎಂಬ ಅಮೆರಿಕದ ಹೆಣಿಗೆಗಾರ್ತಿ ಪ್ರಕಟಿಸಿದ ಜೂಡಿಸ್ ಮ್ಯಾಜಿಕ್ ಕ್ಯಾಸ್ಟ್ ಆನ್ ವಿಧಾನದಲ್ಲಿ ಆಸರೆ ದಾರವೇ ಬೇಡ. ಎರಡು ಕಡ್ಡಿಗಳ ಮೇಲೆ ಒಂದೇ ಸಲಕ್ಕೆ ಕುಣಿಕೆಗಳು ಕೂರುತ್ತವೆ. ಕಾಲುಚೀಲವನ್ನು ಬೆರಳ ತುದಿಯಿಂದ ಆರಂಭಿಸುವವರಿಗೆ ಅದೇ ಲೇಸು, ಆದರೆ ಅಗಲವಾದ ಶಾಲಿಗೆ ಎರಡು ಉದ್ದನೆಯ ಸರ್ಕ್ಯುಲರ್ ಕಡ್ಡಿಗಳು, ಅಂದರೆ ಎರಡು ಮೊನೆಗಳ ನಡುವೆ ಬಳುಕುವ ತಂತಿಯಿರುವ ಕಡ್ಡಿಗಳು, ಬೇಕಾಗುತ್ತವೆ.

ಕೌಲ್ ಹೆಣೆಯುವವರು ಬಿಚ್ಚಿದ ಕುಣಿಕೆಗಳನ್ನೂ ಕೊನೆಯ ಸಾಲಿನ ಕುಣಿಕೆಗಳನ್ನೂ ಸೂಜಿಯಿಂದ ಕೂಡಿಸಬೇಕಾಗುತ್ತದೆ. ಇದಕ್ಕೆ ಕಿಚನರ್ ಹೊಲಿಗೆ ಎಂದು ಹೆಸರು. ಅಡುಗೆಮನೆಗೂ ಇದಕ್ಕೂ ಸಂಬಂಧವಿಲ್ಲ. 1902ರಿಂದ 1909ರವರೆಗೆ ಭಾರತದ ಸೇನೆಯ ದಂಡನಾಯಕನಾಗಿದ್ದ ಬ್ರಿಟಿಷ್ ಸೇನಾನಿ ಕಿಚನರ್‌ನ ಹೆಸರದು. ಅದನ್ನು ಅವನೇ ಕಂಡುಹಿಡಿದನೆಂಬ ಕಥೆಗೆ ಮಾತ್ರ ಆಧಾರವಿಲ್ಲ. ಅಂಚಿನ ಅಗಲದ ನಾಲ್ಕು ಪಟ್ಟು ಉಲ್ಲನ್ ಬಿಟ್ಟು ಕತ್ತರಿಸಿ ಸೂಜಿಗೆ ಪೋಣಿಸಿಕೊಳ್ಳಿ. ಎರಡು ಕಡ್ಡಿಗಳನ್ನು ಹಿಂಬದಿಗಳು ಒಳಗೆ ಬರುವಂತೆ ಜೋಡಿಸಿ ಹಿಡಿಯಿರಿ. ಮೊದಲಿಗೆ ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ಪರ್ಲ್‌ನಂತೆ, ಹಿಂದಿನ ಕಡ್ಡಿಯ ಮೊದಲ ಕುಣಿಕೆಗೆ ನಿಟ್‌ನಂತೆ ಸೂಜಿ ತೂರಿಸಿ, ಎರಡನ್ನೂ ಕಡ್ಡಿಯಲ್ಲೇ ಬಿಡಿ. ಆಮೇಲೆ ಮುಂದಿನ ಕಡ್ಡಿಯಲ್ಲಿ ನಿಟ್‌ನಂತೆ ಚುಚ್ಚಿ ಇಳಿಸುವುದು, ಮರುಕುಣಿಕೆಗೆ ಪರ್ಲ್‌ನಂತೆ ಚುಚ್ಚಿ ಉಳಿಸುವುದು. ಹಿಂದಿನ ಕಡ್ಡಿಯಲ್ಲಿ ಪರ್ಲ್‌ನಂತೆ ಚುಚ್ಚಿ ಇಳಿಸುವುದು, ಮರುಕುಣಿಕೆಗೆ ನಿಟ್‌ನಂತೆ ಚುಚ್ಚಿ ಉಳಿಸುವುದು. ಕೊನೆಯವರೆಗೆ ಇಷ್ಟೇ, ನಡುವೆ ಮಾತನಾಡಲು ಏಳಬಾರದು ಅಷ್ಟೆ. ಎಳೆಯನ್ನು ಆಗಾಗ ಬಿಗಿಯಬೇಡಿ. ಎಲ್ಲ ಮುಗಿದ ಮೇಲೆ ಸೂಜಿಯ ತುದಿಯಿಂದ ಒಂದೊಂದೇ ಕುಣಿಕೆಯನ್ನು ಅಕ್ಕಪಕ್ಕದ ಸಾಲುಗಳ ಅಳತೆಗೆ ತಂದುಕೊಳ್ಳಿ.

ಬಿಚ್ಚಿ ತೆಗೆದ ಆಸರೆ ದಾರ ಗುಂಗುರು ಕೂದಲಿನಂತೆ ಸುರುಳಿಸುತ್ತಿಕೊಂಡಿರುತ್ತದೆ. ಅದನ್ನು ಬಿಸಿನೀರಿನಲ್ಲಿ ಅದ್ದಿ, ಒಂದು ರಟ್ಟಿನ ತುಂಡಿಗೆ ಬಿಗಿಯಾಗಿ ಸುತ್ತಿ ಒಣಗಿಸಿಟ್ಟರೆ ಮುಂದಿನ ಹೆಣಿಗೆಗೂ ಬರುತ್ತದೆ. ನನ್ನ ಡಬ್ಬಿಯಲ್ಲಿರುವ ಬಿಳಿ ದಾರ ಈಗ ಆರನೆಯ ಸಲ ಕೆಲಸಕ್ಕೆ ಕಾಯುತ್ತಿದೆ.